ದೇಶದ ಲೆಕ್ಕವೂ ಪ್ರಜೆಗಳ ಪ್ರಯೋಜನವೂ

ನಮ್ಮ ನಾಡಿನ ಪ್ರಾಚೀನ ಶಾಸನಗಳಲ್ಲಿ ಪ್ರಾಂತಗಳ ಹೆಸರಿನೊಡನೆ ಒಂದೊಂದು ಸಂಖ್ಯೆಯೂ ಸೇರಿ ಬರುವುದನ್ನು ಶಾಸನಾಭ್ಯಾಸಿಗಳೆಲ್ಲರೂ ಬಲ್ಲರು. ಗಂಗವಾಡಿಗೆ ೯೬,೦೦೦, ನೊಳಂಬವಾಡಿಗೆ ೩೨,೦೦೦, ಬನವಾಸಿಗೆ ೧೨,೦೦೦ ಎಂದು ಈ ಸಂಖ್ಯೆಗಳು ಶಾಸನದಿಂದ ಶಾಸನಕ್ಕೆ ರೂಢಿಯಾಗಿ ಬಂದಿವೆ. ಇವು ಗ್ರಾಮಗಳ ಎಣಿಕೆಯೆಂದು ಕೆಲವು ವಿದ್ವಾಂಸರೂ, ಭೂಮಿಯ ಹುಟ್ಟುವಳಿಯ ಮೊತ್ತವೆಂದು ಮತ್ತೆ ಕೆಲವರೂ ಊಹಿಸಿರುವರು. ಒಂದು ಪ್ರಾಂತದಲ್ಲಿ ತೊಂಬತ್ತಾರು ಸಾವಿರ ಊರುಗಳಿದ್ದುವೆಂದು ನಂಬುವುದು ಕಷ್ಟವಾದುದರಿಂದ ಮೊದಲನೆಯ ಪಕ್ಷಕ್ಕೆ ಬಾಧೆಯುಂಟು. ಯಾವ ನಾಣ್ಯದ ಅಥವಾ ಯಾವ ಅಳತೆಯ ಹುಟ್ಟುವಳಿಯೆಂಬುದು ಗೊತ್ತಾಗದುದರಿಂದ ಎರಡನೆಯ ಪಕ್ಷಕ್ಕೂ ಬಾಧೆಯುಂಟು. ಯಾರೋ ಎಂದೋ ಏನನ್ನೋ ಎಣಿಸಿರಬೇಕು. ಆದರೆ ಎಣಿಸಿದುದೇನು, ಎಣಿಸಿದ ಕ್ರಮವಾವುದು ಎಂಬ ವಿವರಣೆಯು ಜೊತೆಯಲ್ಲಿ ಉಳಿದು ಬಾರದಿರುವುದರಿಂದ, ಕಲ್ಲಿನ ಮೇಲೆ ಸಂಖ್ಯೆಯು ನಿಂತಿದ್ದರೂ ಅದರ ಅರ್ಥವು ಅಳಿದುಹೋಗಿದೆ.

ಈಗಿನ ಸರ್ಕಾರಗಳು ಪ್ರಕಟಿಸುವ ಅಂಕಿಗಳಿಗೂ ಇದೇ ಗತಿಯೊದಗಬಾರದೆಂದರೆ, ಅವು ಹೇಗೆ ಹುಟ್ಟುವುವು, ಯಾರ ಕೈ ಸೇರುವುವು, ಅವುಗಳಿಂದ ಜನರಿಗೆ ಏನು ಪ್ರಯೋಜನ ಎಂಬುದನ್ನು ಓದಿದವರಾದರೂ ತಿಳಿದಿರಬೇಕು. ಭಾರತ ದೇಶದ ಸಂಖ್ಯಾಸಂಗ್ರಹದ ವ್ಯವಸ್ಥೆಯನ್ನು ಈ ದೃಷ್ಟಿಯಿಂದ ವಿವರಿಸುವುದು ಪ್ರಕೃತ ಲೇಖನದ ಉದ್ದೇಶ. ಸಾಹಿತ್ಯವ್ಯಾಸಂಗಿಗಳಿಗೆ ವಿಶೇಷವಾಗಿ ಸಂಬಂಧಿಸಿದ ಭಾಷಾಗಣನೆಯ ವಿಚಾರವನ್ನು ಕೊನೆಯ ಭಾಗದಲ್ಲಿ ಸ್ವಲ್ಪ ವಿಸ್ತಾರವಾಗಿಯೇ ಹೇಳಲಾಗಿದೆ.

ರಾಜ್ಯವು ತನ್ನ ಜನರನ್ನೂ ಜಾನುವಾರುಗಳನ್ನೂ ಎಣಿಸುವುದು ಹೊಸದಲ್ಲ. ಮೈಸೂರಿನ ಪ್ರಾಚ್ಯಪುಸ್ತಕಭಂಡಾರದಲ್ಲಿ ದೊರೆತು, ಶ್ರೀ ಆರ್. ಶಾಮಶಾಸ್ತ್ರಿಗಳಿಂದ ೧೯೦೯ರಲ್ಲಿ ಬೆಳಕಿಗೆ ಬಂದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಇದಕ್ಕೆ ಸ್ಪಷ್ಟವಾದ ವಿಧಿಯಿದೆ. ಐದು ಅಥವಾ ಹತ್ತು ಗ್ರಾಮಗಳಿಗೆ ಒಬ್ಬ ಗೋಪನು. ಹೊಲಗದ್ದೆಗಳ ಮೇರೆ, ಮನೆಗಳು, ನಾಲ್ಕು ವರ್ಣದವರು, ಒಕ್ಕಲಿಗರು, ಗೋಪಾಲಕರು, ವ್ಯಾಪಾರಿಗಳು, ಕುಶಲಕರ್ಮಿಗಳು, ಕೂಲಿಗಳು, ದಾಸರು, ದ್ವಿಪದ ಚತುಷ್ಪದಗಳು ಇಷ್ಟನ್ನೂ ಅವನು ಬರೆದಿಡತಕ್ಕದ್ದು. ಇದಕ್ಕಿಂತಲೂ ಸ್ವಾರಸ್ಯವಾದ ಸಂಗತಿಯೊಂದುಂಟು. ಗೋಪನು ಬರೆದ ಲೆಕ್ಕವು ಸರಿಯೇ ಎಂದು ನೋಡುವುದಕ್ಕಾಗಿ ಗೃಹಸ್ಥರ ವೇಷದ ಗೂಢಚಾರರನ್ನು ಸಮಾಹರ್ತನು ಅದೇ ಗ್ರಾಮಗಳಿಗೆ ಕಳುಹಿಸಿ, ಹೊಲ ಮನೆ ಕುಟುಂಬಗಳ ಎಣಿಕೆಯನ್ನು ಬೇರೆಯಾಗಿ ತಿಳಿದುಕೊಳ್ಳಬೇಕಂತೆ. ಒಂದೇ ಲೆಕ್ಕವನ್ನು ಪರಸ್ಪರ ಸಂಬಂಧವಿಲ್ಲದ ಇಬ್ಬರಿಂದ ತೆಗೆಸಿ ಹೋಲಿಸಬೇಕೆಂಬ ತತ್ತ್ವವು ಇಲ್ಲಿ ಆಗಲೇ ಇದೆ. ಆದರೆ ಆ ಲೆಕ್ಕವೆಲ್ಲವೂ ಬೊಕ್ಕಸಕ್ಕೆ ಸಂಬಂಧಿಸಿದುದು; ಅದನ್ನು ಪ್ರಜೆಗಳಿಗೆ ತಿಳಿಸಬೇಕೆಂಬ ಆಲೋಚನೆಯು ಕೌಟಿಲ್ಯನಿಗೆ ಬಂದಂತೆ ತೋರುವುದಿಲ್ಲ. ನಮ್ಮ ಸೇನಬೋವನ, ಎಂದರೆ ಮುಂದಿನ ಶಾನುಭೋಗನ, ಕಡತಗಳ ವಿಷಯವೂ ಹಾಗೆಯೇ. ಊರಿನ ಸಮಸ್ತ ವೃತ್ತಾಂತವೂ ಅವುಗಳಲ್ಲಿತ್ತು, ಆದರೆ ಅವು ಊರಿನವರು ಓದುವುದಕ್ಕಾಗಿ ಇದ್ದುವಲ್ಲ. ಜನಗಣತಿಗೆ ನಮ್ಮಲ್ಲಿ ಬಹುಕಾಲ ನಡೆದ ಖಾನೇಷುಮಾರಿಯೆಂಬ ಪಾರಸಿ ಹೆಸರಿಗೂ ಮನೆಗಳ ಎಣಿಕೆಯೆಂದೇ ಅರ್ಥ.

ಎಣಿಸಿದುದನ್ನು ಅಚ್ಚು ಹಾಕಿಸಿ ಯಾರು ಬೇಕಾದರೂ ನೋಡುವಂತೆ ಮಾಡುವ ಪದ್ಧತಿಯು ಹತ್ತೊಂಬತ್ತನೆಯ ಶತಮಾನದಲ್ಲಿ ಬಂದಿತು. ಅದನ್ನು ಪ್ರಾರಂಭಿಸಿದವರ ಉದ್ದೇಶವು ಆಡಳಿತದ ಸೌಕರ್ಯವೇ ಇದ್ದಿರಬಹುದು. ಆದರೆ ಅಚ್ಚಾದ ಅಂಕಿಯು ಆಳುವವರ ಪರವಾಗಿಯೇ ಸಾಕ್ಷಿ ಹೇಳುವುದೆಂಬ ನಿಯಮವಿಲ್ಲ. ಮೈಸೂರು ಸಂಸ್ಥಾನದ ಮೊದಲ ಎರಡು ಖಾನೇಷುಮಾರಿಗಳನ್ನೇ ನೋಡಬಹುದು. ೧೮೭೧ರಲ್ಲಿ ಸಂಸ್ಥಾನದ ಜನಸಂಖ್ಯೆ ೫೦,೫೫,೪೧೨. ೧೮೮೧ರ ಫೆಬ್ರವರಿ ೧೭ರ ರಾತ್ರಿ ಎಣಿಸಿದಾಗ ಅದು ೪೧,೮೬,೧೮೮. ಬೆಳೆಯಬೇಕಾಗಿದ್ದ ಜನಸಂಖ್ಯೆಯು ಹತ್ತು ವರ್ಷಗಳಲ್ಲಿ ನೂರಕ್ಕೆ ಹದಿನೇಳರಷ್ಟು ಇಳಿದುಹೋಗಿತ್ತು. ನಡುವೆ ಬಂದುದು ೧೮೭೬-೭೮ರ ಘೋರ ಕ್ಷಾಮ. ಕ್ಷಾಮಕಾಲದಲ್ಲಿ ಸಾವುಗಳನ್ನು ಊರೂರಿನಲ್ಲಿ ಬರೆದಿಡುವುದು ಸಾಧ್ಯವಾಗುವುದಿಲ್ಲ. ಅನ್ನವನ್ನರಸಿ ಹೊರಟವನು ದಾರಿಯಲ್ಲಿ ಬಿದ್ದರೆ ಅವನು ಯಾವ ಊರಿನವನೆಂದು ಬರೆಯುವವರಾರು? ಎರಡು ಕೊನೆಗಳಲ್ಲಿ ನಿಂತ ಎರಡು ಎಣಿಕೆಗಳಿಂದಲೇ ನಡುವೆ ನಡೆದುದರ ಪ್ರಮಾಣವು ಗೊತ್ತಾಯಿತು. ಈ ಎಂಟು ಲಕ್ಷ ಅರುವತ್ತೊಂಬತ್ತು ಸಾವಿರದಷ್ಟು ಕೊರತೆಯೆಲ್ಲವೂ ಸಾವೆಂದು ತಿಳಿಯಬಾರದು. ಅದರಲ್ಲಿ ಊರು ಬಿಟ್ಟು ಹೋದವರೂ ಸೇರಿರುವರು. ಹುಟ್ಟಬೇಕಾಗಿದ್ದು ಹುಟ್ಟದೆ ಹೋದ ಮಕ್ಕಳ ಲೆಕ್ಕವೂ ಅದರಲ್ಲಿ ಅಡಗಿದೆ. ಆ ಗಣತಿಯಾದ ಒಂದು ತಿಂಗಳ ಮೇಲೆ, ಮಾರ್ಚಿ ೨೫ರಂದು, ಐವತ್ತು ವರ್ಷಗಳ ಬ್ರಿಟಿಷ್ ಆಡಳಿತವು ಮುಗಿದು ಸಂಸ್ಥಾನವು ಅರಸುಮನೆತನಕ್ಕೆ ಹಿಂದಿರುಗಿತು. ಹೊಸ ಸರ್ಕಾರಕ್ಕೆ ದೊರೆತ ಮೊದಲನೆಯ ಲೆಕ್ಕಪತ್ರವು ಈ ಕೊರತೆಯದೇ ಎಂದು ಹೇಳಬಹುದು.

ಮೈಸೂರಿನ ಖಾನೇಷುಮಾರಿಯ ವರದಿಗಳನ್ನು ನಮ್ಮ ಸಾಹಿತ್ಯಾಭ್ಯಾಸಿಗಳು ಸಾಕಾದಷ್ಟು ಬಳಸಿಕೊಂಡಿಲ್ಲ. ೧೯೩೧ರ ಗಣತಿಯ ಅಧಿಕಾರಿಯಾಗಿದ್ದು, ೬೫,೫೭,೩೦೨ ಮಂದಿಯ ಆ ಲೆಕ್ಕದ ವರದಿಯನ್ನು ಬರೆದವರು ಶ್ರೀ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರೆಂಬುದನ್ನು ಬಲ್ಲವರು ಎಷ್ಟು ಮಂದಿ? ನಮ್ಮ ಸಣ್ಣಕಥೆಯ ಆಚಾರ್ಯರು ಸಂಸ್ಥಾನದ ಮನೆಮಂದಿಯನ್ನೆಲ್ಲಾ ಎಣಿಸಿದವರೂ ಆಗಿದ್ದರೆಂಬುದು ಕಾಕತಾಳೀಯವಾಗಿರಬಹುದು. ಆದರೂ ಅವರ ಕಥೆಗಳನ್ನು ಪಾಠ ಹೇಳುವ ಉಪಾಧ್ಯಾಯನು ಆ ವರದಿಯನ್ನೊಮ್ಮೆ ತಿರುವಿಹಾಕುವುದು ವ್ಯರ್ಥವಾಗಲಾರದು.

ಜನರನ್ನು ಒಬ್ಬೊಬ್ಬರಾಗಿ ಎಣಿಸಬಹುದು. ಆದರೆ ದೇಶದಲ್ಲಿ ಬೆಳೆದ ಭತ್ತವೆಷ್ಟು, ಒಂದೊಂದು ಮನೆಯಲ್ಲಿಯೂ ತಿನ್ನುವುದೆಷ್ಟು, ಉದ್ಯೋಗವಿಲ್ಲದವರು ಎಷ್ಟು ಮಂದಿ ಎಂಬುದನ್ನೆಲ್ಲಾ ಹಾಗೆ ಎಣಿಸುತ್ತ ಹೋದರೆ ಲೆಕ್ಕ ಮುಗಿಯುವ ಹೊತ್ತಿಗೆ ಲೆಕ್ಕದ ಪ್ರಯೋಜನವೂ ಮುಗಿದಿರುತ್ತದೆ. ಬೆಳೆಯ ಲೆಕ್ಕಕ್ಕೆ ಹಿಂದೆ ಆಣೆವಾರಿಯೆಂಬ ಕ್ರಮವಿತ್ತು. ಇಷ್ಟಾಣೆಯ ಬೆಳೆಯು ಸಾಧಾರಣ ಬೆಳೆಯೆಂದು ಇಟ್ಟುಕೊಂಡು, ಈ ವರ್ಷದ್ದು ಹತ್ತಾಣೆಯೋ ಎಂಟಾಣೆಯೋ ಎಂದು ಹಳ್ಳಿಯ ಅಧಿಕಾರಿಯು ಕಣ್ಣಳತೆಯಿಂದ ಹೇಳುತ್ತಿದ್ದನು. ಸಾಗುವಳಿಯ ವಿಸ್ತೀರ್ಣವನ್ನು ಶಾನುಭೋಗನು ಹೊಲ ಹೊಲಕ್ಕೂ ಬರೆದಿಡುತ್ತಿದ್ದ ರೈತವಾರಿ ಪ್ರಾಂತಗಳಲ್ಲಿ ಈ ಕ್ರಮದ ದೋಷವು ಅರ್ಧಕ್ಕೆ ನಿಲ್ಲುತ್ತಿತ್ತು. ಜಮೀನ್ದಾರಿಯ ಶಾಶ್ವತ ಬಂದೋಬಸ್ತಿದ್ದ ಬಂಗಾಳದಲ್ಲಿ ಅಂತಹ ಗ್ರಾಮಲೆಕ್ಕಿಗನೇ ಇಲ್ಲದಿದ್ದುದರಿಂದ ವಿಸ್ತೀರ್ಣವೂ ಊಹೆ, ಇಳುವರಿಯೂ ಊಹೆ. ೧೯೪೩ರಲ್ಲಿ ಅದೇ ಬಂಗಾಳಕ್ಕೆ ಕ್ಷಾಮವು ಬಂದಾಗ, ಪ್ರಾಂತದಲ್ಲಿ ಅಕ್ಕಿಯಿದೆಯೋ ಇಲ್ಲವೋ ಎಂಬ ಪ್ರಶ್ನೆಗೆ ನಂಬತಕ್ಕ ಉತ್ತರವು ಸರ್ಕಾರದ ಬಳಿಯಲ್ಲಿರಲಿಲ್ಲ. ಸತ್ತವರೆಷ್ಟೆಂಬುದೂ ಖಚಿತವಾಗಲಿಲ್ಲ, ೧೯೪೫ರ ವಿಚಾರಣಾ ಸಮಿತಿಯು ಸುಮಾರು ಹದಿನೈದು ಲಕ್ಷವೆಂದಿತು, ಅದು ತೀರ ಕಡಮೆಯೆಂದು ಅನಂತರದ ವಿದ್ವಾಂಸರು ವಾದಿಸಿರುವರು. ಕ್ಷಾಮಕ್ಕೆ ಅಂಕಿಗಳ ಅಭಾವವೇ ಕಾರಣವೆಂದು ನಾವು ಹೇಳುವುದಿಲ್ಲ. ಆದರೆ ಅಂಕಿಯಿಲ್ಲದ ಕಡೆಯಲ್ಲಿ ತಪ್ಪು ಹೆಜ್ಜೆಯನ್ನಿಟ್ಟವನು ತನ್ನ ತಪ್ಪನ್ನು ಒಪ್ಪದಿರುವುದು ಬಹು ಸುಲಭ.

ಇದಕ್ಕೆ ಪರಿಹಾರವನ್ನು ಕಂಡುಕೊಂಡವರಲ್ಲಿ ಅಗ್ರಗಣ್ಯರು ಪ್ರಶಾಂತಚಂದ್ರ ಮಹಲನೋಬಿಸರು. ೧೯೩೧ರಲ್ಲಿ ಕಲಕತ್ತೆಯಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನೂ, ೧೯೩೩ರಲ್ಲಿ 'ಸಂಖ್ಯಾ' ಎಂಬ ಪತ್ರಿಕೆಯನ್ನೂ ಅವರು ಸ್ಥಾಪಿಸಿದರು. ಬಂಗಾಳದ ಸೆಣಬಿನ ಬೆಳೆಯನ್ನು ಅಳೆಯಲು ಅವರು ಹಿಡಿದ ದಾರಿಯ ತಿರುಳನ್ನು ನಮ್ಮ ಅಡಿಗೆಮನೆಯಲ್ಲಿ ಎಲ್ಲರೂ ದಿನವೂ ಅನುಸರಿಸುತ್ತಾರೆ: ಅನ್ನವು ಬೆಂದಿದೆಯೇ ಎಂದು ತಿಳಿಯಲು ಅಗುಳೊಂದನ್ನು ಹಿಸುಕಿ ನೋಡಿದರೆ ಸಾಕು, ಪಾತ್ರೆಯನ್ನೆಲ್ಲಾ ಬರಿದುಮಾಡಬೇಕಾಗಿಲ್ಲ. ಆದರೆ ಈ ಉಪಮಾನವನ್ನು ಎಚ್ಚರಿಕೆಯಿಂದ ಉಪಯೋಗಿಸಬೇಕು. ಪಾತ್ರೆಯ ಅಗುಳುಗಳು ಒಂದನ್ನೊಂದು ಹೋಲುತ್ತವೆ, ದೇಶದ ಮನೆಗಳು ಹೋಲುವುದಿಲ್ಲ. ಒಲೆಯ ಮೇಲಣ ಅನ್ನದಲ್ಲಿಯೂ ತಳದ್ದು ಮೊದಲು ಬೇಯುತ್ತದೆ. ರಸ್ತೆಯ ಬದಿಯ ಹೊಲವನ್ನೇ ಅಳೆದು ಬರುವ ಅಧಿಕಾರಿಯು ಮೇಲಣ ಅಗುಳನ್ನೇ ಮುಟ್ಟಿದವನಂತೆ. ಆದುದರಿಂದ ಯಾವ ಹೊಲವನ್ನು ಅಳೆಯಬೇಕು, ಯಾವ ಮನೆಯನ್ನು ಕೇಳಬೇಕು ಎಂಬುದನ್ನು ಅಳೆಯುವವನ ಇಷ್ಟಕ್ಕೆ ಬಿಡದೆ ಚೀಟಿಯೆತ್ತಿದಂತೆ ಗೊತ್ತುಮಾಡಬೇಕು. ಹಾಗೆ ಮಾಡಿದರೆ, ಬಂದ ಉತ್ತರದಲ್ಲಿ ತಪ್ಪು ಎಷ್ಟರ ಮಟ್ಟಿಗೆ ಇರಬಹುದೆಂಬುದನ್ನು ಕೂಡ ಗಣಿತದಿಂದ ಹೇಳಬಹುದು. ಈ ಶಾಸ್ತ್ರದ ಹೆಚ್ಚುಗಾರಿಕೆಯು ಇದೇ ಎಂದು ನನ್ನ ಭಾವನೆ: ಅದು ಉತ್ತರದೊಡನೆ ತನ್ನ ಸಂದೇಹದ ಅಳತೆಯನ್ನೂ ಕೊಡುತ್ತದೆ. ಮಹಲನೋಬಿಸರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಒಂದೇ ಪ್ರದೇಶಕ್ಕೆ ಪರಸ್ಪರ ಸಂಬಂಧವಿಲ್ಲದ ಎರಡು ತಂಡಗಳನ್ನು ಕಳುಹಿಸಿ ಅವರ ಫಲಿತಾಂಶಗಳನ್ನು ಹೋಲಿಸಿ ನೋಡುವ ಕ್ರಮವನ್ನು ತಂದರು. ಕೌಟಿಲ್ಯನ ಗೃಹಸ್ಥವೇಷಧಾರಿಗಳು ವೇಷವನ್ನು ಕಳಚಿಟ್ಟು ಬಂದಂತಾಯಿತು.

ಸ್ವಾತಂತ್ರ್ಯಾನಂತರ ಈ ಕ್ರಮವೇ ರಾಷ್ಟ್ರದ ಕ್ರಮವಾಯಿತು. ೧೯೫೦ರಲ್ಲಿ ರಾಷ್ಟ್ರೀಯ ಮಾದರಿ ಸಮೀಕ್ಷೆಯೂ, ೧೯೫೧ರಲ್ಲಿ ಕೇಂದ್ರ ಸಂಖ್ಯಾಸಂಗ್ರಹ ಸಂಸ್ಥೆಯೂ ಏರ್ಪಟ್ಟುವು. ೨೦೧೯ರಲ್ಲಿ ಇವೆರಡನ್ನೂ ಒಂದುಗೂಡಿಸಿ ರಾಷ್ಟ್ರೀಯ ಸಾಂಖ್ಯಿಕ ಕಛೇರಿಯೆಂದು ಕರೆದರು. ಜನನ ಮರಣಗಳಿಗೂ ಇದೇ ರೀತಿಯ ಮಾದರಿ ನೋಂದಣಿಯೊಂದು ೧೯೭೦ರ ಸುಮಾರಿನಿಂದ ದೇಶಾದ್ಯಂತ ನಡೆದು ಬಂದಿದೆ. ಅದರ ಲೆಕ್ಕದಂತೆ, ಹುಟ್ಟಿದ ಸಾವಿರ ಶಿಶುಗಳಲ್ಲಿ ವರ್ಷ ತುಂಬುವುದರೊಳಗೆ ಸಾಯುತ್ತಿದ್ದುವು ೧೯೭೧ರಲ್ಲಿ ೧೨೯, ೨೦೨೦ರಲ್ಲಿ ೨೮. ಯಾವ ಪ್ರಾಂತದಲ್ಲಿ ಈ ಇಳಿತವು ನಿಧಾನವೆಂಬುದೂ ಅದೇ ಪಟ್ಟಿಯಿಂದ ತಿಳಿಯುವುದರಿಂದ, ಶಾಸನಸಭೆಯಲ್ಲಿ ಪ್ರಶ್ನೆ ಕೇಳುವ ಸದಸ್ಯನಿಗೂ ಪತ್ರಿಕೆಗಳಿಗೂ ಅದು ಆಧಾರವಾಗಿದೆ.

ಇಷ್ಟೆಲ್ಲಕ್ಕೂ ಮೂಲವಾದುದು ಬಾಗಿಲಲ್ಲಿ ನಿಂತು ಕೇಳುವವನಿಗೆ ಮನೆಯವರು ಕೊಡುವ ಉತ್ತರ. ೧೯೪೮ರ ಜನಗಣತಿಯ ಕಾನೂನಿನಂತೆ ಉತ್ತರ ಕೊಡುವುದು ಕಡ್ಡಾಯ. ಆದರೆ ಒಬ್ಬೊಬ್ಬರ ಉತ್ತರವೂ ಗೋಪ್ಯ. ಅದನ್ನು ಯಾರೂ ತೆಗೆದು ನೋಡುವಂತಿಲ್ಲ, ನ್ಯಾಯಸ್ಥಾನದಲ್ಲಿ ಸಾಕ್ಷ್ಯವಾಗಿ ತರುವಂತಿಲ್ಲ. ಸಂಪ್ರದಾಯದಂತೆ ಹೇಳಕೂಡದಾದ ಹೆಸರನ್ನು, ಗಂಡನದಾಗಲಿ ಮತ್ತೊಬ್ಬರದಾಗಲಿ, ಹೆಂಗಸು ಹೇಳಬೇಕಾಗಿಲ್ಲವೆಂದೂ ಆ ಕಾನೂನು ವಿನಾಯಿತಿಯನ್ನು ಕೊಟ್ಟಿದೆ. ಕಾನೂನು ಬರೆದವರಿಗೆ ಮನೆಯ ಹೊಸ್ತಿಲಿನ ಸಂಕೋಚವು ತಿಳಿದಿತ್ತು. ಹೇಳಿದುದು ಕಂದಾಯಕ್ಕೋ ಪೋಲೀಸಿಗೋ ಹೋಗುವುದೆಂಬ ಭಯವು ಹುಟ್ಟಿದರೆ ಉತ್ತರವು ಕೆಡುತ್ತದೆ.

ಒಳಕ್ಕೆ ಬಂದ ಉತ್ತರವು ಗೋಪ್ಯವಾಗಿರಬೇಕಾದಂತೆ ಹೊರಕ್ಕೆ ಹೋಗುವ ಮೊತ್ತವು ಬಹಿರಂಗವಾಗಿರಬೇಕು. ಈ ಎರಡನೆಯ ಅಂಶದಲ್ಲಿ ನಮ್ಮ ವ್ಯವಸ್ಥೆಯು ಈಚೆಗೆ ಸಡಿಲಿತೆಂದು ಹೇಳದೆ ವಿಧಿಯಿಲ್ಲ. ೨೦೧೭-೧೮ನೆಯ ವರ್ಷದ ಉದ್ಯೋಗ ಸಮೀಕ್ಷೆಯ ವರದಿಯು ಸಿದ್ಧವಾಗಿದ್ದರೂ ಹೊರಬರಲಿಲ್ಲವೆಂಬ ಅಸಮಾಧಾನದಿಂದ ೨೦೧೯ರ ಜನವರಿಯಲ್ಲಿ ರಾಷ್ಟ್ರೀಯ ಸಂಖ್ಯಾ ಆಯೋಗದ ಇಬ್ಬರು ಸದಸ್ಯರು ಪದತ್ಯಾಗಮಾಡಿದರು; ಚುನಾವಣೆಯು ಮುಗಿದ ಮೇಲೆ, ಮೇ ೩೧ರಂದು, ನಿರುದ್ಯೋಗವು ನೂರಕ್ಕೆ ೬.೧ ಎಂಬ ಆ ವರದಿಯು ಪ್ರಕಟವಾಯಿತು. ಅದೇ ವರ್ಷದ ಗೃಹಬಳಕೆಯ ವೆಚ್ಚದ ಸಮೀಕ್ಷೆಯ ಫಲಿತಾಂಶವನ್ನಂತೂ, ಸಂಗ್ರಹದ ಗುಣವು ಸಾಲದೆಂಬ ಕಾರಣವನ್ನು ಹೇಳಿ, ಪ್ರಕಟಿಸುವುದಿಲ್ಲವೆಂದು ನವೆಂಬರಿನಲ್ಲಿ ಸರ್ಕಾರವು ಸಾರಿತು. ಗುಣವು ಸಾಲದಿದ್ದಿರಬಹುದು. ಆದರೆ ಅದನ್ನು ವಿದ್ವಾಂಸರು ಪರೀಕ್ಷಿಸಿ ಹೇಳಬೇಕಾದರೆ ಅಂಕಿಗಳು ಅವರ ಮುಂದಿರಬೇಕಲ್ಲವೆ? ಇದರಿಂದಾಗಿ ದೇಶದ ಬಡತನವನ್ನು ಅಳೆಯುವವರು ೨೦೧೧-೧೨ರ ಸಮೀಕ್ಷೆಯನ್ನೇ ಹಿಡಿದುಕೊಂಡು, ೨೦೨೨-೨೩ರ ಹೊಸ ಸಮೀಕ್ಷೆಯ ಅಂಕಿಗಳು ೨೦೨೪ರಲ್ಲಿ ಬರುವ ತನಕ ಕಾದಿರಬೇಕಾಯಿತು.

ಜನಗಣತಿಯೂ ತಡವಾಯಿತು. ೧೮೮೧ರಿಂದ ಹತ್ತು ಹತ್ತು ವರ್ಷಕ್ಕೆ ತಪ್ಪದೆ, ೧೯೪೧ರ ಯುದ್ಧಕಾಲದಲ್ಲಿಯೂ ಬಿಡದೆ ನಡೆದು ಬಂದ ಗಣತಿಯು ೨೦೨೧ರಲ್ಲಿ ನಡೆಯಲಿಲ್ಲ. ಮೊದಲನೆಯ ಕಾರಣವು ಸಾಂಕ್ರಾಮಿಕ ರೋಗ. ರೋಗವು ಇಳಿದ ಮೇಲೂ ಮುಂದೆ ಹಾಕುತ್ತ ಬಂದು, ೨೦೨೫ರ ಜೂನ್ ೧೬ರ ಪ್ರಕಟಣೆಯಲ್ಲಿ ೨೦೨೭ರ ಮಾರ್ಚಿ ೧ನ್ನು, ಹಿಮ ಬೀಳುವ ಪ್ರದೇಶಗಳಿಗೆ ೨೦೨೬ರ ಅಕ್ಟೋಬರ್ ೧ನ್ನು, ಗಣನೆಯ ದಿನವಾಗಿ ಗೊತ್ತುಮಾಡಿದರು. ಈ ವಿಳಂಬವು ಪಂಡಿತರ ತೊಂದರೆಯಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ೨೦೧೩ರ ಆಹಾರ ಭದ್ರತೆಯ ಕಾನೂನು ಹಳ್ಳಿಗಳಲ್ಲಿ ನೂರಕ್ಕೆ ೭೫ರವರೆಗೆ, ಪಟ್ಟಣಗಳಲ್ಲಿ ನೂರಕ್ಕೆ ೫೦ರವರೆಗೆ ಜನರಿಗೆ ಅಗ್ಗದ ಧಾನ್ಯದ ಹಕ್ಕನ್ನು ಕೊಟ್ಟಿದೆ. ಆದರೆ ಯಾವ ಜನಸಂಖ್ಯೆಯಲ್ಲಿ ನೂರಕ್ಕೆ ಎಪ್ಪತ್ತೈದು? ಪ್ರಕಟವಾಗಿರುವ ಗಣತಿಯದು, ಎಂದರೆ ೨೦೧೧ರದು. ಆ ಮೇರೆಗೆ ಗೊತ್ತಾದ ಸುಮಾರು ೮೧ ಕೋಟಿ ೩೫ ಲಕ್ಷ ಮಂದಿಯ ಮಿತಿಯು, ಜನಸಂಖ್ಯೆಯು ಬೆಳೆದರೂ ಬೆಳೆಯದೆ ನಿಂತಿತು. ಆಮೇಲೆ ಹುಟ್ಟಿದ ಮಗುವಿನ ಹೆಸರು ಪಡಿತರ ಚೀಟಿಗೆ ಸೇರಬೇಕಾದರೆ ಮತ್ತೊಬ್ಬರ ಹೆಸರು ಬಿಟ್ಟುಹೋಗಬೇಕು. ಹಳೆಯ ಅಂಕಿಯ ಭಾರವು ಹೀಗೆ ಅಕ್ಕಿಯ ಅಂಗಡಿಯ ಮುಂದೆ ನಿಂತವನ ಮೇಲೆ ಬೀಳುತ್ತದೆ.

ಇನ್ನು ಭಾಷಾಗಣನೆ. ಗಣತಿಯಲ್ಲಿ ಭಾಷೆಯ ಪ್ರಶ್ನೆಯು ೧೮೮೧ರಿಂದಲೂ ಇದೆ. ಆದರೆ ಪ್ರಶ್ನೆಯ ಮಾತು ಒಂದೇ ಆಗಿಲ್ಲ. ಒಮ್ಮೆ ತಾಯ್ನುಡಿ, ಒಮ್ಮೆ ಹೆತ್ತವರ ನುಡಿ, ಒಮ್ಮೆ ಮನೆಯಲ್ಲಿ ಸಾಧಾರಣವಾಗಿ ಆಡುವ ನುಡಿ ಎಂದು ಕೇಳಿದ್ದಾರೆ. ೧೯೭೧ರಿಂದ ಈಚೆಗೆ, ವ್ಯಕ್ತಿಯ ಬಾಲ್ಯದಲ್ಲಿ ತಾಯಿಯು ಅವನೊಡನೆ ಆಡಿದ ಭಾಷೆಯೇ ತಾಯ್ನುಡಿ. ತಾಯಿಯು ಶೈಶವದಲ್ಲಿಯೇ ತೀರಿಕೊಂಡಿದ್ದರೆ ಬಾಲ್ಯದಲ್ಲಿ ಮನೆಯಲ್ಲಿ ಮುಖ್ಯವಾಗಿ ಆಡುತ್ತಿದ್ದ ಭಾಷೆ ಎಂದು ನಿರ್ಣಯಿಸಿದೆ. ಮನೆಯಲ್ಲಿ ತುಳುವನ್ನೂ ಬೀದಿಯಲ್ಲಿ ಕನ್ನಡವನ್ನೂ ಆಡುವವನಿಗೆ ಈ ಮಾತುಗಳ ವ್ಯತ್ಯಾಸದಿಂದ ಉತ್ತರವೇ ಬೇರೆಯಾಗಬಹುದು. ಆದುದರಿಂದ ೧೯೦೧ರ ಅಂಕಿಯ ಪಕ್ಕದಲ್ಲಿ ೨೦೧೧ರದನ್ನಿಟ್ಟು ಭಾಷೆಯೊಂದು ಬೆಳೆಯಿತು ಅಥವಾ ತಗ್ಗಿತು ಎಂದು ಬರೆಯುವ ಮೊದಲು, ಎರಡು ಗಣತಿಗಳ ಪ್ರಶ್ನೆಯನ್ನೂ ಓದಿಕೊಳ್ಳಬೇಕು.

ಭಾಷೆಯು ವಿವಾದದ ವಸ್ತುವಾದಾಗ ಅಂಕಿಯು ಏನಾಗುವುದೆಂಬುದಕ್ಕೆ ೧೯೫೧ರ ಪಂಜಾಬೇ ನಿದರ್ಶನ. ಅಲ್ಲಿ ಹಿಂದಿ ಪಂಜಾಬಿಗಳ ವ್ಯಾಜ್ಯವು ಗಣತಿಯೊಳಕ್ಕೂ ನುಗ್ಗಿದುದರಿಂದ, ಎರಡನ್ನೂ ಬೇರ್ಪಡಿಸಿ ಹೇಳುವುದು ಸಾಧ್ಯವಿಲ್ಲವೆಂದು ಹಿಂದಿ, ಉರ್ದು, ಹಿಂದುಸ್ತಾನಿ, ಪಂಜಾಬಿ ನಾಲ್ಕನ್ನೂ ಒಂದೇ ಮೊತ್ತದಲ್ಲಿ ಕೂಡಿಸಿಬಿಟ್ಟರು. ಅದೇ ೧೯೫೧ರ ಅಂಕಿಗಳನ್ನು ಮುಂದಿಟ್ಟುಕೊಂಡು ರಾಜ್ಯ ಪುನರ್ವಿಂಗಡನಾ ಆಯೋಗವು ೧೯೫೫ರಲ್ಲಿ ವರದಿ ಕೊಟ್ಟಿತು. ನಮ್ಮ ಏಕೀಕರಣವೂ ಆ ವರದಿಯ ಫಲವೇ. ಒಂದು ಭಾಷೆಯವರು ನೂರಕ್ಕೆ ಸುಮಾರು ಎಪ್ಪತ್ತರಷ್ಟಾದರೂ ಇದ್ದರೆ ಮಾತ್ರ ರಾಜ್ಯವನ್ನು ಏಕಭಾಷೆಯದೆಂದು ಭಾವಿಸಬೇಕೆಂಬುದು ಆ ಆಯೋಗದ ಅಭಿಪ್ರಾಯವಾಗಿತ್ತು. ೨೦೧೧ರ ಗಣತಿಯಂತೆ ಕರ್ಣಾಟಕ ರಾಜ್ಯದಲ್ಲಿ ಕನ್ನಡವನ್ನು ತಾಯ್ನುಡಿಯೆಂದು ಬರೆಯಿಸಿದವರು ನೂರಕ್ಕೆ ಸುಮಾರು ೬೬.೫ ಎಂಬುದನ್ನು ಇದರ ಜೊತೆಗಿಟ್ಟು ನೋಡಿದರೆ ವಾಚಕರಿಗೆ ಆಲೋಚನೆಗೆ ವಿಷಯ ದೊರೆಯುತ್ತದೆ.

ಜನರು ಹೇಳಿದ ಹೆಸರು ಹಾಗೆಯೇ ಪಟ್ಟಿಗೆ ಬರುವುದಿಲ್ಲ. ೨೦೧೧ರಲ್ಲಿ ಜನರು ಬರೆಯಿಸಿದ ತಾಯ್ನುಡಿಯ ಹೆಸರುಗಳು ೧೯,೫೬೯. ಊರಿನ ಹೆಸರು, ಜಾತಿಯ ಹೆಸರು, ಕಸುಬಿನ ಹೆಸರು, ಕಾಗುಣಿತದ ಭೇದ ಇವನ್ನೆಲ್ಲಾ ಸೋಸಿ ಕಛೇರಿಯವರು ಅವನ್ನು ೧,೩೬೯ಕ್ಕೆ ಇಳಿಸಿದರು. ಗುರುತು ಸಿಕ್ಕದೆ ಉಳಿದುವು ೧,೪೭೪. ಆಮೇಲೆ ಹತ್ತಿರದ ನುಡಿಗಳನ್ನು ಒಂದೊಂದು ಭಾಷೆಯ ಕೆಳಗೆ ಸೇರಿಸಿ, ೧೦,೦೦೦ಕ್ಕೆ ಕಡಮೆ ಜನರಿರುವುವನ್ನು 'ಇತರ' ಎಂಬುದರೊಳಕ್ಕೆ ತಳ್ಳಿ, ಕೊನೆಗೆ ೧೨೧ ಭಾಷೆಗಳನ್ನು ಹೆಸರಿಸಿದರು. ಕನ್ನಡದ ೪,೩೭,೦೬,೫೧೨ ಎಂಬ ಮೊತ್ತದಲ್ಲಿ ನೀಲಗಿರಿಯ ಬಡಗರ ನುಡಿಯೂ ೧,೩೩,೫೫೦ ಮಂದಿಯೊಡನೆ ಸೇರಿದೆ. ಬಡಗವು ಕನ್ನಡದ ಉಪಭಾಷೆಯೋ ಸ್ವತಂತ್ರ ಭಾಷೆಯೋ ಎಂಬುದು ನಮ್ಮ ಭಾಷಾಶಾಸ್ತ್ರಜ್ಞರ ಚರ್ಚೆಯಲ್ಲಿರುವ ವಿಷಯ. ಪಟ್ಟಿಯಲ್ಲಿ ಮಾತ್ರ ಅದು ಇತ್ಯರ್ಥವಾಗಿದೆ. ಕೊಡವ ಭಾಷೆಯವರು ೨೦೦೧ರಲ್ಲಿ ೧,೬೬,೧೮೭ ಇದ್ದು ೨೦೧೧ರಲ್ಲಿ ೧,೧೩,೮೫೭ಕ್ಕೆ ಇಳಿದರೆಂದು ಅದೇ ಪಟ್ಟಿಯು ಹೇಳುತ್ತದೆ. ಹತ್ತು ವರ್ಷದಲ್ಲಿ ಮೂರರಲ್ಲೊಂದು ಪಾಲಿನಷ್ಟು ಜನರು ತಾಯ್ನುಡಿಯನ್ನು ತೊರೆದರೆಂದು ನಂಬುವುದಕ್ಕಿಂತ, ಬರೆಯುವವನ ಲೇಖನಿಯಲ್ಲಿಯೋ ಸೋಸುವವನ ಜರಡಿಯಲ್ಲಿಯೋ ಏನೋ ನಡೆದಿರಬಹುದೇ ಎಂದು ಮೊದಲು ವಿಚಾರಿಸುವುದು ಯುಕ್ತ. ಭಾಷೆಯು ಅಳಿಯುತ್ತಿದೆಯೆಂಬ ಕೂಗಿಗೂ, ಅಳಿಯುತ್ತಿಲ್ಲವೆಂಬ ಸಮಾಧಾನಕ್ಕೂ ಆ ಒಂದು ಸಾಲು ಸಾಲದು.

೧೯೬೧ರ ಗಣತಿಯವರು ೧,೬೫೨ ತಾಯ್ನುಡಿಗಳ ಹೆಸರನ್ನು, ಒಬ್ಬಿಬ್ಬರೇ ಆಡುವುವನ್ನು ಕೂಡ ಬಿಡದೆ, ಅಚ್ಚುಮಾಡಿಸಿದ್ದರು. ಆ ಪಟ್ಟಿಯಲ್ಲಿ ಗೊಂದಲವೂ ಪರದೇಶದ ಹೆಸರುಗಳೂ ಇಲ್ಲವೆಂದಲ್ಲ. ಆದರೆ ಓದುವವನು ತಾನೇ ಸೋಸಿಕೊಳ್ಳಬಹುದಾಗಿತ್ತು. ೧೯೭೧ರಿಂದ ಹತ್ತು ಸಾವಿರದ ಗೆರೆಯನ್ನೆಳೆದ ಮೇಲೆ, ಸಣ್ಣ ನುಡಿಗಳ ಸ್ಥಿತಿಯನ್ನು ಎಲ್ಲಕ್ಕಿಂತ ಹೆಚ್ಚಾಗಿ ತಿಳಿಯಬೇಕಾದ ಕಡೆಯಲ್ಲಿಯೇ ಪುಟವು ಖಾಲಿಯಾಗಿದೆ. ಉತ್ತರವನ್ನು ಮನೆ ಮನೆಯಿಂದ ಕೇಳಿ ತಂದಾಗಿರುವುದರಿಂದ ಅದನ್ನು ಪ್ರಕಟಿಸಲು ಹೆಚ್ಚಿನ ವೆಚ್ಚವಿಲ್ಲ. ಹೊಸ ಗಣತಿಯ ಭಾಷಾಪಟ್ಟಿಗಳನ್ನು ಸಿದ್ಧಪಡಿಸುವಾಗ ೧೯೬೧ರ ಕ್ರಮಕ್ಕೆ ಹಿಂದಿರುಗಿ, ಜನರು ಹೇಳಿದ ಹೆಸರುಗಳೆಲ್ಲವನ್ನೂ, ಯಾವ ಹೆಸರನ್ನು ಯಾವುದರ ಕೆಳಗೆ ಏತಕ್ಕೆ ಸೇರಿಸಿತೆಂಬ ವಿವರಣೆಯೊಡನೆ ಹೊರತರಬೇಕೆಂದು ನಮ್ಮ ವಿದ್ವತ್ಪರಿಷತ್ತುಗಳೂ ವಿಶ್ವವಿದ್ಯಾನಿಲಯಗಳ ಭಾಷಾವಿಭಾಗಗಳೂ ಗಣತಿಯ ಕಛೇರಿಯನ್ನು ಈಗಲೇ ಬರೆದು ಕೇಳಬೇಕಾಗಿದೆ.